ಪಟ್ಟಿಯಲ್ಲಿದ್ದರೂ ‘ಇಲ್ಲ’ ಎನ್ನುವುದೇಕೆ? ಕಲೆಕ್ಷನ್‌ನೊಳಗೆ ಹುಡುಕುವವರಿಗೆ ಸಮಗ್ರ ಮಾರ್ಗದರ್ಶಿ

ಹೆಬ್ಬಾಳದಿಂದ ಸಿಲ್ಕ್‌ಬೋರ್ಡ್ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಓಡುವ ಬಿಎಂಟಿಸಿ ಬಸ್ಸಿನ ಸಂಖ್ಯೆಯನ್ನು ಒಬ್ಬರು 500-ಡಿ ಎಂದು ಬರೆಯುತ್ತಾರೆ, ಇನ್ನೊಬ್ಬರು 500ಡಿ ಎಂದು, ಮತ್ತೊಬ್ಬರು ನಡುವೆ ಜಾಗ ಬಿಟ್ಟು 500 ಡಿ ಎಂದು. ಬಸ್ಸಿಗಾಗಿ ಕಾಯುವವರಿಗೆ ಮೂರೂ ಒಂದೇ. ಪ್ರೋಗ್ರಾಮಿಗೆ ಅವು ಮೂರು ಬೇರೆ ಬೇರೆ ಅಕ್ಷರಸಾಲುಗಳು, ಅಂದರೆ ಸ್ಟ್ರಿಂಗ್‌ಗಳು. ಪ್ರಯಾಣಿಕರು ತಮಗೆ ಬೇಕಾದ ಮಾರ್ಗಗಳನ್ನು ಉಳಿಸಿಟ್ಟುಕೊಳ್ಳುವ ಒಂದು ಸಣ್ಣ ಆ್ಯಪ್ ಬರೆಯಲು ಕುಳಿತಿದ್ದೀರಿ ಎಂದುಕೊಳ್ಳಿ. ‘ಈ ಮಾರ್ಗ ಆಗಲೇ ಪಟ್ಟಿಯಲ್ಲಿದೆಯೇ?’ ಎಂದು ಕೇಳುವ ಸಾಲು ಒಂದೇ ಒಂದು. ಆದರೆ ಆ ಸಾಲು ಸುಳ್ಳು ಹೇಳುವ ಬಗೆಗಳು ಹಲವು.

ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳಲ್ಲಿ ಹಲವು ವಸ್ತುಗಳನ್ನು ಒಟ್ಟಿಗೆ ಇಡುವ ಕಲೆಕ್ಷನ್‌ಗೆ ಸ್ವಂತ ವಿವೇಚನೆ ಕಡಿಮೆ. ಎರಡು ವಸ್ತುಗಳು ಒಂದೇ ಹೌದೋ ಅಲ್ಲವೋ ಎಂಬುದನ್ನು ಅದು ಆ ವಸ್ತುಗಳನ್ನೇ ಕೇಳಿ ತಿಳಿದುಕೊಳ್ಳುತ್ತದೆ, ಇಲ್ಲವೇ ನೀವು ಕೊಟ್ಟ ಹೋಲಿಕೆಯ ನಿಯಮವನ್ನು ಕೇಳುತ್ತದೆ. ಹಾಗಾಗಿ ಸಾಮ್ಯ ಯಾವುದೆಂದು ಮೊದಲು ತೀರ್ಮಾನಿಸಬೇಕು, ಲಿಸ್ಟೋ (ಸಾಲಾಗಿ ಇಡುವ ಪಟ್ಟಿ) ಸೆಟ್ಟೋ (ಒಂದನ್ನು ಒಮ್ಮೆ ಮಾತ್ರ ಇಡುವ ಸಂಗ್ರಹ) ಎಂಬುದನ್ನು ಆಮೇಲೆ. ಸಂದರ್ಶನಕ್ಕೆ ಓದುವವರು ಇದನ್ನು ತಲೆಕೆಳಗು ಮಾಡುತ್ತಾರೆ. ಸೆಟ್ ವೇಗ, ಲಿಸ್ಟ್ ನಿಧಾನ ಎಂದು ಬಾಯಿಪಾಠ ಒಪ್ಪಿಸುತ್ತಾರೆ, ತಪ್ಪು ಉತ್ತರವನ್ನು ವೇಗವಾಗಿ ಪಡೆಯುತ್ತಾರೆ.

ಉದಾಹರಣೆಗಳನ್ನು ಮುಖ್ಯವಾಗಿ ಜಾವಾದಿಂದ ಆರಿಸಿದ್ದೇನೆ, ಅಗತ್ಯವಿದ್ದಲ್ಲಿ ಪೈಥಾನ್, ಜಾವಾಸ್ಕ್ರಿಪ್ಟ್, ಸಿ ಶಾರ್ಪ್ ಬರುತ್ತವೆ. ಕೋಡನ್ನು ಓದಿ ಹೇಳುವ ರೀತಿಯಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಭಾಷೆಯ ಕೀಲಿಪದಗಳು, ಸಿದ್ಧ ಮೆಥಡ್‌ಗಳ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿರಬೇಕು. ನೀವೇ ಇಡುವ ಹೆಸರುಗಳು ಮಾತ್ರ ಜಾವಾದಲ್ಲೂ ಪೈಥಾನ್ 3ರಲ್ಲೂ ಕನ್ನಡದಲ್ಲೇ ಇರಬಹುದು.

ಹಂತ 1: ಕೇಳುತ್ತಿರುವುದು ಏನೆಂದು ಸ್ಪಷ್ಟಪಡಿಸಿಕೊಳ್ಳಿ

‘ಇದೆಯೇ’ ಎಂಬುದರಲ್ಲಿ ಮೂರು ಪ್ರಶ್ನೆಗಳು ಅಡಗಿವೆ. ಮೆಮೊರಿಯಲ್ಲಿರುವ ಇದೇ ಆಬ್ಜೆಕ್ಟ್ ಒಳಗಿದೆಯೇ? ಇದಕ್ಕೆ ಸಮನಾದ ಬೇರೊಂದು ಆಬ್ಜೆಕ್ಟ್ ಇದೆಯೇ? ಒಂದು ಷರತ್ತಿಗೆ ಹೊಂದುವ ಯಾವುದಾದರೂ ಇದೆಯೇ?

ಮೊದಲನೆಯದು ದಿನನಿತ್ಯದ ಕೆಲಸದಲ್ಲಿ ಅಪರೂಪ. ಜಾವಾದಲ್ಲಿ ಅದಕ್ಕಾಗಿ ಐಡೆಂಟಿಟಿಹ್ಯಾಶ್‌ಮ್ಯಾಪ್ ಇದೆ, ಅದು ಎಲ್ಲವನ್ನೂ ==, ಅಂದರೆ ‘ಅದೇ ಆಬ್ಜೆಕ್ಟೇ’ ಎಂಬ ಪ್ರಶ್ನೆಯ ಮೂಲಕವೇ ಹೋಲಿಸುತ್ತದೆ. ಎರಡನೆಯದಕ್ಕೆ ಕಂಟೇನ್ಸ್. ಮೂರನೆಯದಕ್ಕೆ ಎನಿಮ್ಯಾಚ್. ಅನೇಕರು ಮೂರನೆಯ ಪ್ರಶ್ನೆಗೆ ಕಂಟೇನ್ಸ್ ಬಳಸಲು ಹೋಗಿ, ಅದಕ್ಕೆ ಹೊಂದುವಂತೆ ಎರಡು ಆಬ್ಜೆಕ್ಟ್ ಸಮವೇ ಎಂದು ಹೇಳುವ ಈಕ್ವಲ್ಸ್ ಮೆಥಡನ್ನೇ ತಿರುಚುತ್ತಾರೆ. ‘ಮೆಜೆಸ್ಟಿಕ್‌ನಿಂದ ಹೊರಡುವ ಯಾವುದಾದರೂ ಮಾರ್ಗ ಇದೆಯೇ’ ಎಂದು ತಿಳಿಯಲು ಮಾರ್ಗದ ಈಕ್ವಲ್ಸ್‌ನಲ್ಲಿ ಹೊರಡುವ ಸ್ಥಳವನ್ನಷ್ಟೇ ಹೋಲಿಸುವುದು ಅಂಥ ಕೆಲಸ. ಆ ಕ್ಲಾಸನ್ನು ಬಳಸುವ ಉಳಿದ ಕಡೆಗಳಲ್ಲೆಲ್ಲ ಇದರ ಫಲ ಉಣ್ಣಬೇಕಾಗುತ್ತದೆ. ಷರತ್ತಿದ್ದರೆ ಷರತ್ತನ್ನೇ ಬರೆಯಿರಿ:

```
ಮಾರ್ಗಗಳು.ಸ್ಟ್ರೀಮ್().ಎನಿಮ್ಯಾಚ್(ಮಾ -> ಮಾ.ಹೊರಡುವ_ಸ್ಥಳ().ಈಕ್ವಲ್ಸ್(ಮೆಜೆಸ್ಟಿಕ್))
```

ಎನಿಮ್ಯಾಚ್ ಮೊದಲ ಹೊಂದಿಕೆ ಸಿಕ್ಕ ಕೂಡಲೇ ನಿಲ್ಲುತ್ತದೆ. ಎಲ್ಲವನ್ನೂ ಫಿಲ್ಟರ್ ಮಾಡಿ, ಎಣಿಸಿ, ಸೊನ್ನೆಗಿಂತ ಹೆಚ್ಚೇ ಎಂದು ನೋಡುವುದು ಅದೇ ಕೆಲಸವನ್ನು ಸುತ್ತುಬಳಸಿ ಮಾಡಿದಂತೆ.

ಹಂತ 2: ಸಾದಾ ಲಿಸ್ಟ್‌ನಿಂದ ಶುರು ಮಾಡಿ, ಒಳಗೆ ಇಣುಕಿ ನೋಡಿ

```
ಉಳಿಸಿದವು = ಹೊಸ ಅರೇಲಿಸ್ಟ್()
ಉಳಿಸಿದವು.ಆ್ಯಡ್(ಹೊಸ ಮಾರ್ಗ(500, "ಡಿ"))
ಉಳಿಸಿದವು.ಕಂಟೇನ್ಸ್(ಹೊಸ ಮಾರ್ಗ(500, "ಡಿ"))     → ಫಾಲ್ಸ್
```

ಮಾರ್ಗ ಎಂಬ ಕ್ಲಾಸಿಗೆ ನೀವು ಈಕ್ವಲ್ಸ್ ಬರೆದಿಲ್ಲವಾದರೆ ಉತ್ತರ ಹೀಗೇ ಬರುತ್ತದೆ. ಅರೇಲಿಸ್ಟ್‌ನ ಕಂಟೇನ್ಸ್ ಮೊದಲಿನಿಂದ ಕೊನೆಯವರೆಗೆ ಒಂದೊಂದನ್ನೇ ನೋಡುತ್ತ, ಹುಡುಕುತ್ತಿರುವ ಆಬ್ಜೆಕ್ಟಿನ ಈಕ್ವಲ್ಸ್ ಮೆಥಡನ್ನು ಕರೆಯುತ್ತದೆ. ಹುಡುಕುತ್ತಿರುವುದರ ಈಕ್ವಲ್ಸ್ ಎಂಬುದನ್ನು ಗಮನಿಸಿ, ಪಟ್ಟಿಯೊಳಗಿರುವುದರದ್ದಲ್ಲ. ಮುಂದೆ ಇದು ಕೆಲಸಕ್ಕೆ ಬರುತ್ತದೆ. ನೀವು ಬರೆಯದಿದ್ದಾಗ ಆಬ್ಜೆಕ್ಟ್ ಕ್ಲಾಸಿನಿಂದ ಬಂದ ಈಕ್ವಲ್ಸ್ ಓಡುತ್ತದೆ, ಅದು ನೋಡುವುದು ಎರಡೂ ಒಂದೇ ಮೆಮೊರಿ ವಸ್ತುವೇ ಎಂಬುದನ್ನಷ್ಟೇ.

ಇಲ್ಲೇ ಇನ್ನೊಂದು ಬಲೆ ಇದೆ. ಜಾವಾದಲ್ಲಿ ಕಂಟೇನ್ಸ್ ತೆಗೆದುಕೊಳ್ಳುವ ಆರ್ಗ್ಯುಮೆಂಟಿನ ಟೈಪ್ ಆಬ್ಜೆಕ್ಟ್. ಅಂದರೆ ಏನನ್ನು ಕೊಟ್ಟರೂ ಕಂಪೈಲರ್ ತಕರಾರು ಮಾಡುವುದಿಲ್ಲ. ಲಾಂಗ್ (ದೊಡ್ಡ ಪೂರ್ಣಾಂಕ) ಟೈಪಿನ ಪಟ್ಟಿಯೊಂದರಲ್ಲಿ ಪಿನ್ ಕೋಡ್‌ಗಳಿವೆ, ಬಸವನಗುಡಿಯ 560004 ಅದರಲ್ಲಿದೆ. ಆದರೂ ಕಂಟೇನ್ಸ್(560004) ಎಂದರೆ ಫಾಲ್ಸ್ ಬರುತ್ತದೆ. ನೀವು ಬರೆದ ಅಂಕಿ ಇಂಟಿಜರ್ ಆಗಿ ಪೊಟ್ಟಣಗೊಳ್ಳುತ್ತದೆ, ಒಳಗಿರುವವು ಲಾಂಗ್, ಇಂಟಿಜರ್ ಎಂದೂ ಲಾಂಗ್‌ಗೆ ಸಮನಲ್ಲ. ಅಂಕಿಯ ಕೊನೆಗೆ ಲಾಂಗ್ ಸೂಚಿಸುವ ಅಕ್ಷರ ಸೇರಿಸಿದರೆ ಟ್ರೂ. ಇಂಥದ್ದನ್ನು ಕಣ್ಣಿನಿಂದ ಹಿಡಿಯುವುದು ಕಷ್ಟ. ಐಡಿಇ (ಕೋಡ್ ಬರೆಯುವ ತಂತ್ರಾಂಶ) ಕೊಡುವ ಹಳದಿ ಎಚ್ಚರಿಕೆಗಳನ್ನು ಮುಚ್ಚಿಟ್ಟು ಕೆಲಸ ಮಾಡುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ. ಸಿ ಶಾರ್ಪ್‌ನ ಲಿಸ್ಟ್‌ನಲ್ಲಿ ಕಂಟೇನ್ಸ್ ಪಟ್ಟಿಯ ಟೈಪನ್ನೇ ಕೇಳುತ್ತದೆ, ಈ ತೊಂದರೆಯ ಬಹುಪಾಲು ಅಲ್ಲಿ ಹುಟ್ಟುವುದೇ ಇಲ್ಲ.

ಅರೇಯಿಂದ ಲಿಸ್ಟ್ ಮಾಡುವಾಗಲೂ ಇಂಥದ್ದೇ ಒಂದು ಎಡವಟ್ಟು. ಸಾದಾ ಇಂಟ್‌ಗಳ ಅರೇಯನ್ನು ಅರೇಸ್.ಆ್ಯಸ್‌ಲಿಸ್ಟ್‌ಗೆ ಕೊಟ್ಟರೆ ಅಂಕಿಗಳ ಪಟ್ಟಿ ಬರುವುದಿಲ್ಲ, ಆ ಇಡೀ ಅರೇಯೇ ಒಂದು ಅಂಶವಾಗಿರುವ ಪಟ್ಟಿ ಬರುತ್ತದೆ. ಅದರಲ್ಲಿ ಯಾವ ಅಂಕಿಯನ್ನು ಹುಡುಕಿದರೂ ಸಿಗದು.

ಹಂತ 3: ಕ್ಲಾಸಿಗೆ ಸಾಮ್ಯ ಕಲಿಸಿ

ಇದೇ ಮುಖ್ಯ ಹಂತ. ಇಲ್ಲಿ ಅವಸರ ಬೇಡ. (ಕೆಳಗಿನ ಕೋಡಿನಲ್ಲಿ ಫೈನಲ್ ಎಂದರೆ ಒಮ್ಮೆ ಇಟ್ಟ ಮೇಲೆ ಬದಲಿಸಲಾಗದ್ದು.)

```
ಕ್ಲಾಸ್ ಮಾರ್ಗ
    ಸಂಖ್ಯೆ     (ಫೈನಲ್)
    ಅಕ್ಷರ      (ಫೈನಲ್)

    ಈಕ್ವಲ್ಸ್(ಆಬ್ಜೆಕ್ಟ್ ಎದುರಿನದು):
        ಎದುರಿನದು ನಾನೇ ಆಗಿದ್ದರೆ           → ಟ್ರೂ
        ಎದುರಿನದು ಮಾರ್ಗವೇ ಅಲ್ಲದಿದ್ದರೆ      → ಫಾಲ್ಸ್
        ಸಂಖ್ಯೆ, ಅಕ್ಷರ ಎರಡೂ ಹೊಂದಿದರೆ      → ಟ್ರೂ
        ಉಳಿದಂತೆ                         → ಫಾಲ್ಸ್

    ಹ್ಯಾಶ್‌ಕೋಡ್():
        ಅದೇ ಸಂಖ್ಯೆ ಮತ್ತು ಅಕ್ಷರದಿಂದ ಲೆಕ್ಕ ಹಾಕಿದ ಪೂರ್ಣಾಂಕ
```

ಆರ್ಗ್ಯುಮೆಂಟಿನ ಟೈಪ್ ‘ಆಬ್ಜೆಕ್ಟ್’ ಎಂದು ಇರುವುದನ್ನು ನೋಡಿ. ಅಲ್ಲಿ ‘ಮಾರ್ಗ’ ಎಂದು ಬರೆದರೂ ಕೋಡ್ ಕಂಪೈಲ್ ಆಗುತ್ತದೆ, ನೀವೇ ನೇರವಾಗಿ ಎರಡು ಮಾರ್ಗಗಳನ್ನು ಹೋಲಿಸಿದಾಗ ಸರಿಯಾದ ಉತ್ತರವೂ ಬರುತ್ತದೆ. ಆದರೆ ಅದು ಓವರ್‌ಲೋಡ್ (ಅದೇ ಹೆಸರಿನ ಇನ್ನೊಂದು ಮೆಥಡ್), ಓವರ್‌ರೈಡ್ (ಹಳೆಯದರ ಜಾಗಕ್ಕೆ ಬರುವ ಮೆಥಡ್) ಅಲ್ಲ. ಕಂಟೇನ್ಸ್ ಕರೆಯುವುದು ಆಬ್ಜೆಕ್ಟ್ ತೆಗೆದುಕೊಳ್ಳುವ ಹಳೆಯ ಈಕ್ವಲ್ಸನ್ನೇ. ಮೆಥಡ್ ಮೇಲೆ ಓವರ್‌ರೈಡ್ ಎಂಬ ಟಿಪ್ಪಣಿ ಹಾಕಿದರೆ ಕಂಪೈಲರ್ ಅಲ್ಲೇ ನಿಲ್ಲಿಸುತ್ತದೆ. ಟೈಪ್ ಮಾಡಲು ಬೇಕಾಗುವುದು ಕೆಲವೇ ಅಕ್ಷರ, ಉಳಿಯುವುದು ಒಂದು ಸಂಜೆ.

ಈಗ 500-ಡಿ, 500ಡಿ, 500 ಡಿ. ಇವುಗಳನ್ನು ಒಂದು ಮಾಡುವ ಕೆಲಸವನ್ನು ಈಕ್ವಲ್ಸ್‌ಗೆ ಹೊರಿಸಬೇಡಿ. ಹೊರಗಿನಿಂದ ಬಂದ ಪಠ್ಯವನ್ನು ಬಾಗಿಲಲ್ಲೇ ಶುಚಿಮಾಡಿ. ಮಾರ್ಗ.ಓದು("500 ಡಿ") ಎಂಬ ಸ್ಟ್ಯಾಟಿಕ್ ಮೆಥಡ್ ಬರೆದು, ಅಡ್ಡಗೆರೆ ಮತ್ತು ಖಾಲಿ ಜಾಗ ತೆಗೆದು, ಸಂಖ್ಯೆ ಮತ್ತು ಅಕ್ಷರವನ್ನು ಬೇರ್ಪಡಿಸಿ ಆಬ್ಜೆಕ್ಟ್ ಕಟ್ಟಿ. ಒಳಗೆ ಬಂದ ಮೇಲೆ ಒಂದೇ ರೂಪ.

ಇಲ್ಲಿಯವರೆಗೆ ಕಂಪ್ಯೂಟರ್ ವಿಷಯ. ಇನ್ನು ಊರಿನ ವಿಷಯ. 335-ಇ ಸಾಮಾನ್ಯ ಬಸ್ಸು, ವಿ-335ಇ ಹವಾನಿಯಂತ್ರಿತ ವಜ್ರ. ಎರಡೂ ‘ಒಂದೇ’ ಮಾರ್ಗವೇ? ದಾರಿ ತೋರಿಸುವ ಆ್ಯಪ್ ಆದರೆ ಹೌದು ಎನ್ನಬಹುದು. ಆದರೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಉಚಿತವಾಗಿ ಪ್ರಯಾಣಿಸುವ ಮಹಿಳೆಗೆ ವಜ್ರ ಬಸ್ಸು ಆ ಪಟ್ಟಿಗೆ ಸೇರುವುದಿಲ್ಲ, ಹವಾನಿಯಂತ್ರಿತ ಬಸ್ಸುಗಳಿಗೆ ಆ ಸೌಲಭ್ಯವಿಲ್ಲ. ಅವರ ಆ್ಯಪ್‌ನಲ್ಲಿ ಇವೆರಡನ್ನು ಒಂದೆಂದರೆ ಕಂಡಕ್ಟರ್ ಎದುರು ನಿಂತು ಅವರು ನಿಮ್ಮನ್ನು ನೆನೆಯುತ್ತಾರೆ. ಯಾವ ಭಾಷೆಯ ಕೈಪಿಡಿಯೂ ಇದಕ್ಕೆ ಉತ್ತರ ಕೊಡುವುದಿಲ್ಲ. ಆ್ಯಪ್ ಬಳಸುವವರು ಯಾರು ಎಂದು ಗೊತ್ತಿರುವವರೇ ನಿರ್ಧರಿಸಬೇಕು.

ಬೇರೆ ಎಂದು ನಿರ್ಧರಿಸಿದಿರಿ ಎನ್ನೋಣ. ಕೈಗೆ ಮೊದಲು ಬರುವ ಉಪಾಯವೆಂದರೆ ಮಾರ್ಗದಿಂದ ‘ವಜ್ರಮಾರ್ಗ’ ಎಂಬ ಸಬ್‌ಕ್ಲಾಸ್ ಹುಟ್ಟಿಸಿ, ಅದರ ಈಕ್ವಲ್ಸ್‌ನಲ್ಲಿ ‘ಎದುರಿನದೂ ವಜ್ರವೇ’ ಎಂದು ಪರೀಕ್ಷಿಸುವುದು. ಇದು ಕೈಕೊಡುತ್ತದೆ. ಸಾಮಾನ್ಯ 335-ಇಯನ್ನು ಕೇಳಿದರೆ ವಜ್ರವೂ ಒಂದು ಮಾರ್ಗ, ಸಂಖ್ಯೆ ಹೊಂದುತ್ತದೆ, ಹಾಗಾಗಿ ಟ್ರೂ. ವಜ್ರವನ್ನು ಕೇಳಿದರೆ ಎದುರಿನದು ವಜ್ರವಲ್ಲ, ಫಾಲ್ಸ್. ಅ ಮತ್ತು ಆ ಸಮ, ಆದರೆ ಆ ಮತ್ತು ಅ ಸಮವಲ್ಲ! ಹುಡುಕುತ್ತಿರುವುದರ ಈಕ್ವಲ್ಸನ್ನೇ ಕಂಟೇನ್ಸ್ ಕರೆಯುತ್ತದೆ ಎಂದು ಹಂತ 2ರಲ್ಲಿ ಹೇಳಿದ್ದು ನೆನಪಿಸಿಕೊಳ್ಳಿ. ವಜ್ರ ಮಾತ್ರ ಇರುವ ಪಟ್ಟಿಯಲ್ಲಿ ಸಾಮಾನ್ಯ ಬಸ್ಸನ್ನು ಹುಡುಕಿದರೆ ‘ಇದೆ’, ಸಾಮಾನ್ಯ ಬಸ್ಸಿರುವ ಪಟ್ಟಿಯಲ್ಲಿ ವಜ್ರವನ್ನು ಹುಡುಕಿದರೆ ‘ಇಲ್ಲ’. ಸರಳ ಪರಿಹಾರ: ಸಬ್‌ಕ್ಲಾಸ್ ಬೇಡ. ‘ಸೇವೆ’ ಎಂಬ ಮೂರನೆಯ ಫೀಲ್ಡ್ ಸೇರಿಸಿ, ಅದನ್ನೂ ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್‌ಗಳಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಿ.

ಜಾವಾ 16ರಿಂದ ರೆಕಾರ್ಡ್ ಅಧಿಕೃತವಾಗಿ ಭಾಷೆಯ ಭಾಗ. ಮಾರ್ಗವನ್ನು ರೆಕಾರ್ಡ್ ಆಗಿ ಬರೆದರೆ ಈಕ್ವಲ್ಸ್, ಹ್ಯಾಶ್‌ಕೋಡ್ ಎರಡನ್ನೂ ಕಂಪೈಲರ್ ಒದಗಿಸುತ್ತದೆ, ಫೀಲ್ಡ್‌ಗಳು ಫೈನಲ್ ಆಗಿಯೇ ಇರುತ್ತವೆ, ಸಬ್‌ಕ್ಲಾಸ್ ಮಾಡಲು ಆಗುವುದೇ ಇಲ್ಲ. ಇಂಥ ಸಣ್ಣ ಮೌಲ್ಯಗಳಿಗೆ ಇಂದು ಕ್ಲಾಸ್ ಬರೆಯಲು ನನಗೆ ಕಾರಣ ಕಾಣುವುದಿಲ್ಲ. ಒಂದು ಎಚ್ಚರ: ರೆಕಾರ್ಡಿನಲ್ಲಿ ಅರೇ ಫೀಲ್ಡ್ ಇದ್ದರೆ ಅದರ ಒಳಗಿರುವುದನ್ನು ಹೋಲಿಸುವುದಿಲ್ಲ, ಅರೇ ಅದೇ ವಸ್ತುವೇ ಎಂದಷ್ಟೇ ನೋಡುತ್ತದೆ.

ಹಂತ 4: ಈಗ ಸೆಟ್

ಹ್ಯಾಶ್‌ಸೆಟ್ ಹುಡುಕುವುದು ಅಂಚೆ ಕಚೇರಿಯ ವಿಂಗಡಣೆಯಂತೆ. ಮೊದಲು ಪಿನ್ ಕೋಡ್ ನೋಡಿ ಸರಿಯಾದ ಚೀಲ ಹಿಡಿಯುವುದು, ಆಮೇಲೆ ಆ ಚೀಲದೊಳಗೆ ಮಾತ್ರ ಪೂರ್ತಿ ವಿಳಾಸ ಓದುವುದು. ಹ್ಯಾಶ್‌ಕೋಡ್ ಪಿನ್ ಕೋಡ್, ಈಕ್ವಲ್ಸ್ ವಿಳಾಸ. ಸಮನಾದ ಎರಡು ಆಬ್ಜೆಕ್ಟ್‌ಗಳು ಬೇರೆ ಬೇರೆ ಹ್ಯಾಶ್‌ಕೋಡ್ ಕೊಟ್ಟರೆ ಹುಡುಕಾಟ ಬೇರೆ ಚೀಲಕ್ಕೆ ಕೈ ಹಾಕುತ್ತದೆ, ಈಕ್ವಲ್ಸ್ ಕರೆಯುವ ಪ್ರಸಂಗವೇ ಬರುವುದಿಲ್ಲ. ಈಕ್ವಲ್ಸ್ ಬರೆದು ಹ್ಯಾಶ್‌ಕೋಡ್ ಮರೆತವರ ಕೋಡು ಲಿಸ್ಟ್‌ನಲ್ಲಿ ಸರಿಯಾಗಿ ಓಡಿ, ಹ್ಯಾಶ್‌ಸೆಟ್‌ಗೆ ಬದಲಿಸಿದ ದಿನ ಕೆಡುವುದು ಇದರಿಂದ. ಪೈಥಾನ್ ಈ ವಿಷಯದಲ್ಲಿ ಕಟ್ಟುನಿಟ್ಟು. ಸಾಮ್ಯದ ಮೆಥಡ್ ಮಾತ್ರ ಬರೆದು ಹ್ಯಾಶ್ ಬರೆಯದಿದ್ದರೆ ಆ ಆಬ್ಜೆಕ್ಟನ್ನು ಸೆಟ್‌ಗೆ ಸೇರಿಸಲು ಬಿಡುವುದೇ ಇಲ್ಲ, ಟೈಪ್‌ಎರರ್ ಎಸೆಯುತ್ತದೆ.

ಸಮನಲ್ಲದ ಎರಡಕ್ಕೆ ಒಂದೇ ಹ್ಯಾಶ್ ಬರುವುದು ಮಾತ್ರ ತಪ್ಪಲ್ಲ. ಜಾವಾದಲ್ಲಿ ‘ನಖ’ ಎಂಬ ಸ್ಟ್ರಿಂಗಿನ ಹ್ಯಾಶ್‌ಕೋಡ್ 103662. ‘ಧವ’ ಎಂಬುದರದ್ದೂ 103662. ಸ್ಟ್ರಿಂಗಿನ ಹ್ಯಾಶ್ ಲೆಕ್ಕದಲ್ಲಿ ಪ್ರತಿ ಹೆಜ್ಜೆಗೂ 31ರಿಂದ ಗುಣಿಸುತ್ತಾರೆ. ಯೂನಿಕೋಡ್ ಪಟ್ಟಿಯಲ್ಲಿ ನ ಅಕ್ಷರ ಧಕ್ಕಿಂತ ಒಂದು ಸ್ಥಾನ ಮುಂದಿದೆ, ವ ಅಕ್ಷರ ಖಕ್ಕಿಂತ 31 ಸ್ಥಾನ ಮುಂದಿದೆ, ಒಂದು ಕಡೆ ಹೆಚ್ಚಿದ್ದು ಇನ್ನೊಂದು ಕಡೆ ಸರಿಹೋಗುತ್ತದೆ. ಎರಡೂ ಪದಗಳು ಒಂದೇ ಚೀಲಕ್ಕೆ ಬೀಳುತ್ತವೆ, ಈಕ್ವಲ್ಸ್ ಅವನ್ನು ಬೇರ್ಪಡಿಸುತ್ತದೆ. ಉತ್ತರ ಕೆಡುವುದಿಲ್ಲ, ಕೆಲಸ ತುಸು ಹೆಚ್ಚುತ್ತದೆ ಅಷ್ಟೇ. ಜಾವಾ 8ರಿಂದೀಚೆಗೆ ಒಂದೇ ಚೀಲದಲ್ಲಿ ತುಂಬಾ ಸೇರಿಕೊಂಡರೆ ಒಳಗಿನ ಸರಪಳಿಯನ್ನು ಸಮತೋಲಿತ ಮರವಾಗಿ ಬದಲಿಸುವ ವ್ಯವಸ್ಥೆಯೂ ಇದೆ.

ನಿಜವಾದ ಅಪಾಯ ಬೇರೆ. ಸೆಟ್‌ಗೆ ಹಾಕಿದ ಮೇಲೆ ಆಬ್ಜೆಕ್ಟಿನ ಫೀಲ್ಡನ್ನು ಬದಲಾಯಿಸಿದರೆ ಅದರ ಹ್ಯಾಶ್ ಬದಲಾಗುತ್ತದೆ, ಅದು ಕುಳಿತ ಚೀಲ ಮಾತ್ರ ಹಳೆಯದೇ. ಸೆಟ್ಟನ್ನು ಸುಮ್ಮನೆ ಸುತ್ತಿ ಮುದ್ರಿಸಿದರೆ ವಸ್ತು ಕಣ್ಣೆದುರು ಕಾಣುತ್ತದೆ, ಕಂಟೇನ್ಸ್ ಕೇಳಿದರೆ ‘ಇಲ್ಲ’, ರಿಮೂವ್ ಕರೆದರೂ ಹೋಗುವುದಿಲ್ಲ. ಮೊದಲ ಬಾರಿ ನೋಡುವವರು ಜಾವಾದಲ್ಲೇ ದೋಷವಿದೆ ಎಂದು ನಂಬುವಷ್ಟು ವಿಚಿತ್ರ ಇದು. ಫೀಲ್ಡ್‌ಗಳ ಪಕ್ಕ ಫೈನಲ್ ಎಂದು ಬರೆದದ್ದು ಇದಕ್ಕಾಗಿಯೇ.

ವೇಗದ ಮಾತು ಇಲ್ಲಿಗೆ ಮುಗಿಸಿಬಿಡೋಣ. ಹತ್ತಿಪ್ಪತ್ತು ಮಾರ್ಗಗಳ ಪಟ್ಟಿಗೆ ಲಿಸ್ಟ್ ಸಾಕು. ಲೂಪಿನೊಳಗೆ ಲಿಸ್ಟ್‌ನ ಕಂಟೇನ್ಸ್ ಇದ್ದಾಗ ಎಚ್ಚರವಾಗಿ. 10,000 ಅಂಶಗಳ ಪಟ್ಟಿಯಲ್ಲಿ ಇನ್ನೊಂದು 10,000 ಅಂಶಗಳನ್ನು ಹುಡುಕಿದರೆ ಹೋಲಿಕೆಗಳು 10 ಕೋಟಿಯವರೆಗೆ ಹೋಗುತ್ತವೆ. ಯಾವುದರೊಳಗೆ ಹುಡುಕುತ್ತೀರೋ ಆ ಪಟ್ಟಿಯನ್ನು ಒಮ್ಮೆ ಹ್ಯಾಶ್‌ಸೆಟ್ ಮಾಡಿಕೊಂಡರೆ ಹುಡುಕಾಟ 10,000ಕ್ಕೆ ಇಳಿಯುತ್ತದೆ.

ಎರಡು ಸಂಗ್ರಹಗಳ ನಡುವೆ ಸಾಮಾನ್ಯವಾದದ್ದೇನು ಎಂದು ತಿಳಿಯಲು ಲೂಪ್ ಬರೆಯುವುದೇ ಬೇಡ. ನಮ್ಮ ಮೆಟ್ರೊದ ನೇರಳೆ ಮಾರ್ಗದ ನಿಲ್ದಾಣಗಳ ಸೆಟ್‌ನ ಒಂದು ನಕಲು ಮಾಡಿಕೊಂಡು ಅದರ ಮೇಲೆ ರಿಟೇನ್‌ಆಲ್(ಹಸಿರು) ಕರೆದರೆ ಉಳಿಯುವುದು ಒಂದೇ, ಮೆಜೆಸ್ಟಿಕ್‌ನ ನಾಡಪ್ರಭು ಕೆಂಪೇಗೌಡ ನಿಲ್ದಾಣ. ನಕಲು ಮಾಡಿಕೊಳ್ಳದೆ ಕರೆದರೆ ನೇರಳೆ ಮಾರ್ಗವೇ ಒಂದು ನಿಲ್ದಾಣಕ್ಕೆ ಕುಗ್ಗುತ್ತದೆ. ಇನ್ನೊಂದು ಸೂಕ್ಷ್ಮ: ಹ್ಯಾಶ್‌ಸೆಟ್‌ನ ರಿಮೂವ್‌ಆಲ್‌ಗೆ ಲಿಸ್ಟ್ ಕೊಟ್ಟಾಗ, ಆ ಲಿಸ್ಟ್ ಸೆಟ್‌ನಷ್ಟೇ ದೊಡ್ಡದಾಗಿದ್ದರೆ ಅಥವಾ ಹೆಚ್ಚು ದೊಡ್ಡದಾಗಿದ್ದರೆ, ಒಳಗೆ ಲಿಸ್ಟ್‌ನ ಕಂಟೇನ್ಸ್ ಓಡುತ್ತದೆ. ಹ್ಯಾಶ್‌ಸೆಟ್ ಇಟ್ಟುಕೊಂಡೂ ನಿಧಾನವಾಗುವುದು ಹೀಗೆ.

ಹಂತ 5: ವಿಂಗಡಿಸಿದ ಸೆಟ್ ಬೇರೆಯೇ ಮಾತು ಕೇಳುತ್ತದೆ

ಟ್ರೀಸೆಟ್ ಈಕ್ವಲ್ಸ್ ಕಡೆಗೆ ತಿರುಗಿಯೂ ನೋಡುವುದಿಲ್ಲ. ಕಂಪೇರ್‌ಟು ಅಥವಾ ನೀವು ಕೊಟ್ಟ ಕಂಪೇರೇಟರ್ ಸೊನ್ನೆ ಎಂದರೆ ಅದಕ್ಕೆ ಎರಡೂ ಒಂದೇ. ದಶಮಾಂಶ ಸಂಖ್ಯೆಗಳಿಗಾಗಿ ಇರುವ ಬಿಗ್‌ಡೆಸಿಮಲ್ ಕ್ಲಾಸ್ ಇದಕ್ಕೆ ಒಳ್ಳೆಯ ಉದಾಹರಣೆ. 4.0 ಮತ್ತು 4.00 ಈಕ್ವಲ್ಸ್ ಪ್ರಕಾರ ಬೇರೆ, ಏಕೆಂದರೆ ದಶಮಾಂಶ ಸ್ಥಾನಗಳ ಎಣಿಕೆ ಬೇರೆ. ಕಂಪೇರ್‌ಟು ಪ್ರಕಾರ ಸಮ. ಹ್ಯಾಶ್‌ಸೆಟ್‌ಗೆ ಎರಡನ್ನೂ ಹಾಕಿದರೆ ಎರಡು ಅಂಶ, ಟ್ರೀಸೆಟ್‌ಗೆ ಹಾಕಿದರೆ ಒಂದು. ಟಿಕೆಟ್ ದರಗಳನ್ನು ಹೋಲಿಸುವ ಕೋಡಿನಲ್ಲಿ ಇದು ನಿಜವಾದ ತೊಂದರೆ.

ಮಾರ್ಗಗಳನ್ನು ಸಂಖ್ಯೆಯ ಕ್ರಮದಲ್ಲಿ ತೋರಿಸಲೆಂದು ಸಂಖ್ಯೆಯೊಂದನ್ನೇ ಹೋಲಿಸುವ ಕಂಪೇರೇಟರ್ ಕೊಟ್ಟರೆ 500-ಡಿ ಸೇರಿದ ಮೇಲೆ 500-ಎ ಸೇರುವುದೇ ಇಲ್ಲ. ಕ್ರಮ ಕೊಡುವಾಗ ಕೊನೆಯವರೆಗೂ ಕೊಡಿ: ಸಂಖ್ಯೆ, ಆಮೇಲೆ ಅಕ್ಷರ, ಆಮೇಲೆ ಸೇವೆ.

ಹಂತ 6: ಕನ್ನಡ ಪಠ್ಯವಿದ್ದರೆ

ಇಂಗ್ಲಿಷ್ ಪುಸ್ತಕಗಳು ಇಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತವೆ. ನಮಗೆ ಆ ಕಾಟವಿಲ್ಲ, ಆದರೆ ನಮ್ಮವೇ ಆದ ಬೇರೆ ಕಾಟಗಳಿವೆ.

ನಿಲ್ದಾಣಗಳ ಸೆಟ್‌ನಲ್ಲಿ ‘ಕೋರಮಂಗಲ’ ಇದೆ, ಹುಡುಕುತ್ತಿರುವುದೂ ‘ಕೋರಮಂಗಲ’. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಇಲ್ಲ, ಉತ್ತರ ಮಾತ್ರ ಫಾಲ್ಸ್. ಎರಡರ ಉದ್ದ ಕೇಳಿ ನೋಡಿ: ಒಂದು 7, ಇನ್ನೊಂದು 9. ಯೂನಿಕೋಡ್‌ನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಇಲ್ಲವೇ ಎತ್ವ, ಊಕಾರದ ಕೊಂಬು, ದೀರ್ಘದ ಗುರುತು ಎಂದು ಮೂರು ಸಂಕೇತಗಳಾಗಿ ಬಿಡಿಸಿಡಬಹುದು. ದೀರ್ಘ ಈಕಾರ, ಏಕಾರ, ಐಕಾರ, ಒಕಾರಗಳಿಗೂ ಹೀಗೆ ಬಿಡಿ ರೂಪಗಳಿವೆ. ಯೂನಿಕೋಡ್ ಇವೆರಡನ್ನೂ ಸಮಾನ ಎಂದೇ ಘೋಷಿಸಿದೆ, ಸ್ಟ್ರಿಂಗಿನ ಈಕ್ವಲ್ಸ್‌ಗೆ ಅದು ಗೊತ್ತಿಲ್ಲ. ಕೀಬೋರ್ಡಿನಿಂದ ಬರುವುದು ಸಾಮಾನ್ಯವಾಗಿ ಕೂಡಿದ ರೂಪ. ಆದರೆ ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಕಡತದ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು, ಅಲ್ಲಿಂದ ಓದಿದ ಹೆಸರುಗಳಲ್ಲಿ ಇದು ಎದುರಾಗುತ್ತದೆ. ಜಾವಾದ ನಾರ್ಮಲೈಜರ್ ಕ್ಲಾಸಿನಿಂದ, ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನಿಂದ ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಕೂಡಿದ ರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ.

ಎನ್‌ಎಫ್‌ಸಿ ಕೂಡ ಮುಟ್ಟದ ಒಂದು ಸಂಗತಿಯಿದೆ. ‘ಸಿಲ್ಕ್‌ಬೋರ್ಡ್’ ಎಂದು ಬರೆದಾಗ ಕಕಾರದ ಅಡಿಗೆ ಬಕಾರ ಒತ್ತಾಗಿ ಹೋಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತ ನಡುವೆ ಇರುತ್ತದೆ. ಅದಿಲ್ಲದಿದ್ದರೆ ‘ಸಿಲ್ಕ್ಬೋರ್ಡ್’ ಎಂದು ಮೂಡುತ್ತದೆ. ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ, ಮತ್ತೊಬ್ಬರು ಪದದ ಕೊನೆಯಲ್ಲಿ ಅನಗತ್ಯವಾಗಿ ಬಿಟ್ಟಿರುತ್ತಾರೆ. ತೋರಿಸುವ ಪಠ್ಯದಲ್ಲಿ ಅದನ್ನು ಉಳಿಸಿಕೊಂಡು, ಹುಡುಕುವ ಕೀಯಲ್ಲಿ ಮಾತ್ರ ತೆಗೆದುಹಾಕುವುದು ನನ್ನ ಸಲಹೆ. ಅಂಕಿಗಳದ್ದೂ ಇದೇ ಕಥೆ. ‘ಜಯನಗರ 4ನೇ ಬ್ಲಾಕ್’ ಮತ್ತು ‘ಜಯನಗರ ೪ನೇ ಬ್ಲಾಕ್’ ಯಾವ ನಾರ್ಮಲೈಸೇಶನ್‌ನಲ್ಲೂ ಒಂದಾಗುವುದಿಲ್ಲ, ನೀವೇ ಬದಲಿಸಬೇಕು. ಜಾವಾದ ಕ್ಯಾರೆಕ್ಟರ್.ಡಿಜಿಟ್ ಮೆಥಡ್‌ಗೆ ಕನ್ನಡ ಅಂಕಿಗಳು ಗೊತ್ತು, ಪೈಥಾನ್‌ನ ಇಂಟ್ ಕೂಡ ‘೪’ ಕೊಟ್ಟರೆ 4 ಎನ್ನುತ್ತದೆ.

ಇನ್ನು ಮಲ್ಲೇಶ್ವರ, ಮಲ್ಲೇಶ್ವರಂ, ಎಂ.ಜಿ. ರಸ್ತೆ, ಮಹಾತ್ಮಾ ಗಾಂಧಿ ರಸ್ತೆ. ಇವು ಅಕ್ಷರಗಳ ಸಮಸ್ಯೆಯೇ ಅಲ್ಲ. ಪರ್ಯಾಯ ಹೆಸರಿನಿಂದ ಅಧಿಕೃತ ಗುರುತಿಗೆ ಒಂದು ಮ್ಯಾಪ್ (ಪ್ರತಿ ಕೀಗೆ ಒಂದು ಮೌಲ್ಯ ಜೋಡಿಸುವ ಸಂಗ್ರಹ) ಇಟ್ಟುಕೊಳ್ಳಿ. ನಿಲ್ದಾಣದ ಸಾಮ್ಯವನ್ನು ಹೆಸರಿನ ಮೇಲೆ ನಿಲ್ಲಿಸದೆ ಗುರುತಿನ ಸಂಖ್ಯೆಯ ಮೇಲೆ ನಿಲ್ಲಿಸಿ. ಈ ಊರಿನಲ್ಲಿ ನಿಲ್ದಾಣಗಳಿಗೆ ಹೆಸರು ಬದಲಾಗುವುದೂ ಅಪರೂಪವೇನಲ್ಲ.

ಹಂತ 7: ಮ್ಯಾಪ್‌ನಲ್ಲಿ ಹುಡುಕುವಾಗ

ಕಂಟೇನ್ಸ್‌ಕೀ ಹ್ಯಾಶ್ ಮೂಲಕ ನೇರ ಹೋಗುತ್ತದೆ, ಕಂಟೇನ್ಸ್‌ವ್ಯಾಲ್ಯೂ ಇಡೀ ಮ್ಯಾಪನ್ನು ಜಾಲಾಡುತ್ತದೆ. ಗೆಟ್ ಮಾಡಿ ನಲ್ (‘ಏನೂ ಇಲ್ಲ’ ಎಂಬ ಮೌಲ್ಯ) ಬಂತೇ ಎಂದು ನೋಡುವುದು ಕಂಟೇನ್ಸ್‌ಕೀಗೆ ಸಮನಲ್ಲ, ಏಕೆಂದರೆ ಹ್ಯಾಶ್‌ಮ್ಯಾಪ್‌ನಲ್ಲಿ ಕೀ ಇದ್ದೂ ಮೌಲ್ಯ ನಲ್ ಆಗಿರಬಹುದು. ಹಳೆಯ ಹ್ಯಾಶ್‌ಟೇಬಲ್‌ನಲ್ಲಿ ಬರಿಯ ಕಂಟೇನ್ಸ್ ಎಂಬ ಮೆಥಡ್ ಇದೆ, ಅದು ಹುಡುಕುವುದು ಕೀಯನ್ನಲ್ಲ, ಮೌಲ್ಯವನ್ನು! ಹಳೆಯ ಕೋಡಿನ ಹೊಂದಾಣಿಕೆಗಾಗಿ ಕಂಕರೆಂಟ್‌ಹ್ಯಾಶ್‌ಮ್ಯಾಪ್ ಕೂಡ ಅದನ್ನು ಹೊತ್ತುಕೊಂಡಿದೆ. ಪೈಥಾನ್‌ನ ಡಿಕ್ಟ್‌ನಲ್ಲಿ ‘ಇನ್’ ಎಂದರೆ ಕೀ. ಎರಡೂ ಭಾಷೆಗಳಲ್ಲಿ ಕೆಲಸ ಮಾಡುವವರು ಇಲ್ಲಿ ಎಡವುತ್ತಾರೆ.

ನಲ್ ಬಗ್ಗೆ ಇನ್ನೊಂದು ಮಾತು. ಅರೇಲಿಸ್ಟ್, ಹ್ಯಾಶ್‌ಸೆಟ್‌ಗಳಲ್ಲಿ ನಲ್ ಹುಡುಕಬಹುದು. ಜಾವಾ 9ರಲ್ಲಿ ಬಂದ ಲಿಸ್ಟ್.ಆಫ್‌ನಿಂದ ಮಾಡಿದ ಪಟ್ಟಿಯಲ್ಲಿ ಕಂಟೇನ್ಸ್(ನಲ್) ಎಂದು ಕೇಳಿದರೆ ಫಾಲ್ಸ್ ಬರುವ ಬದಲು ನಲ್‌ಪಾಯಿಂಟರ್‌ಎಕ್ಸೆಪ್ಶನ್ ಬರುತ್ತದೆ.

ಹಂತ 8: ಭಾಷೆ ಬದಲಾದರೆ

ಪೈಥಾನ್‌ನ ಲಿಸ್ಟ್‌ನಲ್ಲಿ ‘ಇನ್’ ಮೊದಲು ಅದೇ ಆಬ್ಜೆಕ್ಟೇ ಎಂದು ನೋಡಿ, ಆಮೇಲೆ ಸಮವೇ ಎಂದು ಕೇಳುತ್ತದೆ. ಸ್ಟ್ರಿಂಗ್ ಮೇಲೆ ‘ಇನ್’ ಬಳಸಿದರೆ ಅದು ತುಣುಕಿನ ಹುಡುಕಾಟ. ಹಾಗಾಗಿ ಒಂದೇ ಅಂಶದ ಟಪಲ್ (ಆವರಣದೊಳಗೆ ಬರೆಯುವ ಬದಲಾಗದ ಪಟ್ಟಿ) ಬರೆಯುವಾಗ ಕೊನೆಯ ಅಲ್ಪವಿರಾಮ ಬಿಟ್ಟರೆ ಆವರಣದೊಳಗಿನದು ಬರಿಯ ಸ್ಟ್ರಿಂಗ್ ಆಗಿ, ("ವಿಜಯನಗರ") ಎಂಬುದರೊಳಗೆ ‘ನಗರ’ ಇದೆಯೇ ಎಂದರೆ ‘ಇದೆ’ ಎನ್ನುತ್ತದೆ. ಕೇಳಿದಾಗ ಒಂದೊಂದೇ ಅಂಶ ಕೊಡುವ ಜನರೇಟರ್ ಮೇಲೆ ‘ಇನ್’ ಕೇಳಿದರೆ ಸಿಗುವವರೆಗಿನ ಅಂಶಗಳು ಖರ್ಚಾಗಿಬಿಡುತ್ತವೆ. ಅದೇ ಪ್ರಶ್ನೆಯನ್ನು ಎರಡನೆಯ ಬಾರಿ ಕೇಳಿದರೆ ಉತ್ತರ ಬೇರೆಯಾಗಬಹುದು.

ಜಾವಾಸ್ಕ್ರಿಪ್ಟ್‌ನಲ್ಲಿ ಅರೇಗೆ ಇನ್‌ಕ್ಲೂಡ್ಸ್ ಬಳಸಿ. ಅದು 2016ರ ಮಾನದಂಡದಲ್ಲಿ ಬಂತು. ಅಲ್ಲಿಯ ‘ಇನ್’ ಆಪರೇಟರ್ ಅರೇಯ ಮೌಲ್ಯವನ್ನಲ್ಲ, ಸೂಚ್ಯಂಕವನ್ನು ನೋಡುತ್ತದೆ. ನ್ಯಾನ್ ಎಂಬ ‘ಸಂಖ್ಯೆಯಲ್ಲದ ಸಂಖ್ಯೆ’ಯನ್ನು ಇಂಡೆಕ್ಸ್‌ಆಫ್ ಕಂಡುಹಿಡಿಯಲಾರದು, ಇನ್‌ಕ್ಲೂಡ್ಸ್ ಕಂಡುಹಿಡಿಯುತ್ತದೆ. ಆಬ್ಜೆಕ್ಟ್‌ಗಳನ್ನು ಮಾತ್ರ ಇನ್‌ಕ್ಲೂಡ್ಸ್ ಆಗಲಿ ಸೆಟ್‌ನ ಹ್ಯಾಸ್ ಆಗಲಿ ಮೌಲ್ಯದಿಂದ ಹೋಲಿಸುವುದಿಲ್ಲ. ಕ್ಲಾಸಿಗೆ ಸಾಮ್ಯ ಕಲಿಸುವ ದಾರಿಯೇ ಅಲ್ಲಿಲ್ಲ. ಹಾಗಾಗಿ ಮಾರ್ಗವನ್ನು "500ಡಿ" ಎಂಬಂಥ ಒಂದೇ ರೂಪದ ಸ್ಟ್ರಿಂಗ್ ಕೀಗೆ ಇಳಿಸಿ, ಆ ಕೀಗಳ ಸೆಟ್ ಇಟ್ಟುಕೊಳ್ಳಬೇಕು. ಸಿ ಪ್ಲಸ್ ಪ್ಲಸ್‌ನ ಸೆಟ್‌ಗೆ ಕಂಟೇನ್ಸ್ ಬಂದದ್ದು 2020ರ ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ಫೈಂಡ್ ಕರೆದು ಕೊನೆಯ ಇಟರೇಟರ್‌ಗೆ ಹೋಲಿಸುವುದು ವಾಡಿಕೆ.

ಹಂತ 9: ಪ್ರಶ್ನೆಯನ್ನು ಮಾಲೀಕನಿಗೇ ಕೇಳಿ

```
ಮಾರ್ಗ.ನಿಲ್ದಾಣಗಳು().ಕಂಟೇನ್ಸ್(ನಿಲ್ದಾಣ)        ← ಬೇಡ
ಮಾರ್ಗ.ನಿಲ್ಲುತ್ತದೆಯೇ(ನಿಲ್ದಾಣ)                ← ಹೀಗೆ ಬರೆಯಿರಿ
```

ಮೊದಲನೆಯ ರೀತಿಯಲ್ಲಿ ಒಳಗಿನ ಪಟ್ಟಿ ಬೀದಿಗೆ ಬರುತ್ತದೆ. ಯಾರು ಬೇಕಾದರೂ ಅದಕ್ಕೆ ಸೇರಿಸಬಹುದು, ತೆಗೆಯಬಹುದು. ಲಿಸ್ಟ್‌ನಿಂದ ಸೆಟ್‌ಗೆ ಬದಲಿಸಬೇಕೆಂದರೆ ಅದನ್ನು ಬಳಸಿದ ಕಡೆಗಳನ್ನೆಲ್ಲ ತಿದ್ದಬೇಕು. ಎರಡನೆಯ ರೀತಿಯಲ್ಲಿ ಹುಡುಕುವ ಬಗೆ ಒಂದೇ ಜಾಗದಲ್ಲಿರುತ್ತದೆ. ನಿಲ್ದಾಣ ತಾತ್ಕಾಲಿಕವಾಗಿ ಮುಚ್ಚಿದ್ದರೆ ‘ನಿಲ್ಲುವುದಿಲ್ಲ’ ಎಂದು ಹೇಳುವ ತಿದ್ದುಪಡಿಯೂ ಅದೇ ಮೆಥಡಿನೊಳಗೆ ಮುಗಿಯುತ್ತದೆ. ಕೋಡ್ ರಿವ್ಯೂ ಮಾಡುವಾಗ ನಾನು ಮೊದಲು ಹುಡುಕುವುದು ಗೆಟ್ಟರ್‌ಗೆ (ಒಳಗಿನದನ್ನು ಹೊರಗೆ ಕೊಡುವ ಮೆಥಡ್‌ಗೆ) ಅಂಟಿಕೊಂಡ ಕಂಟೇನ್ಸನ್ನು. ಅದು ಕಂಡಲ್ಲಿ ಕ್ಲಾಸಿಗೊಂದು ಮೆಥಡ್ ಕಡಿಮೆಯಾಗಿದೆ ಎಂದೇ ಅರ್ಥ.

ಹಂತ 10: ಕೇಳಿ ಸೇರಿಸುವ ಬದಲು ಸೇರಿಸಿಯೇ ಕೇಳಿ

‘ಇಲ್ಲದಿದ್ದರೆ ಸೇರಿಸು’ ಎಂದು ಎರಡು ಸಾಲು ಬರೆಯುತ್ತೇವೆ. ಎರಡು ಥ್ರೆಡ್‌ಗಳು (ಏಕಕಾಲದಲ್ಲಿ ಓಡುವ ಕೆಲಸದ ಎಳೆಗಳು) ಒಟ್ಟಿಗೆ ಬಂದರೆ ಎರಡಕ್ಕೂ ‘ಇಲ್ಲ’ ಎಂಬ ಉತ್ತರ ಸಿಕ್ಕಿ, ಎರಡೂ ಮುಂದಿನ ಕೆಲಸಕ್ಕೆ ಇಳಿಯುತ್ತವೆ. ಒಂದೇ ಸೀಟಿಗೆ ಎರಡು ಟಿಕೆಟ್ ಕೊಡುವುದು ಹೀಗೆಯೇ. ಸೆಟ್‌ನ ಆ್ಯಡ್ ಸೇರಿಸಿದರೆ ಟ್ರೂ, ಆಗಲೇ ಇದ್ದರೆ ಫಾಲ್ಸ್ ಎಂದು ತಾನೇ ಹೇಳುತ್ತದೆ. ಕಂಟೇನ್ಸ್ ಬಿಟ್ಟು ಅದನ್ನೇ ಬಳಸಿ. ಹಲವು ಥ್ರೆಡ್‌ಗಳಿದ್ದರೆ ಕಂಕರೆಂಟ್‌ಹ್ಯಾಶ್‌ಮ್ಯಾಪ್‌ನ ನ್ಯೂಕೀಸೆಟ್‌ನಿಂದ ಸೆಟ್ ಮಾಡಿಕೊಳ್ಳಿ. ಮ್ಯಾಪ್ ಆದರೆ ಪುಟ್‌ಇಫ್‌ಆ್ಯಬ್ಸೆಂಟ್.

ಹಂತ 11: ಪರೀಕ್ಷೆ

ಆಗಲೇ ಸೇರಿಸಿದ ಅದೇ ವೇರಿಯಬಲ್ಲನ್ನು ಮತ್ತೆ ಹುಡುಕುವ ಟೆಸ್ಟ್‌ಗೆ ಬೆಲೆಯಿಲ್ಲ, ಈಕ್ವಲ್ಸ್ ಬರೆಯದಿದ್ದರೂ ಅದು ಪಾಸಾಗುತ್ತದೆ. ಹೊಸದಾಗಿ ಕಟ್ಟಿದ ಎರಡನೆಯ ಆಬ್ಜೆಕ್ಟನ್ನು ಹುಡುಕಿ. ಅದೇ ಟೆಸ್ಟನ್ನು ಲಿಸ್ಟ್, ಹ್ಯಾಶ್‌ಸೆಟ್, ಟ್ರೀಸೆಟ್ ಮೂರರ ಮೇಲೂ ಓಡಿಸಿ, ಮೂರೂ ಒಂದೇ ಉತ್ತರ ಕೊಡಬೇಕು. ಸಾಮಾನ್ಯ ಬಸ್ಸನ್ನು ವಜ್ರದ ಪಟ್ಟಿಯಲ್ಲೂ, ವಜ್ರವನ್ನು ಸಾಮಾನ್ಯದ ಪಟ್ಟಿಯಲ್ಲೂ ಹುಡುಕಿ. ಬಿಡಿಸಿದ ರೂಪದ ‘ಕೋರಮಂಗಲ’ವನ್ನು ಟೆಸ್ಟ್‌ನಲ್ಲಿ ಕೈಯಿಂದ ಟೈಪ್ ಮಾಡಬೇಡಿ, ಸಂಪಾದಕ ತಂತ್ರಾಂಶ ಅದನ್ನು ಕೂಡಿಸಿಬಿಟ್ಟರೆ ಟೆಸ್ಟ್ ಸುಮ್ಮನೆ ಪಾಸಾಗುತ್ತದೆ. ನಾರ್ಮಲೈಜರ್‌ನಿಂದಲೇ ಎನ್‌ಎಫ್‌ಡಿ ರೂಪ ಮಾಡಿಸಿಕೊಳ್ಳಿ.

ಬೇರೆಯವರು ಬರೆದ ಕ್ಲಾಸುಗಳನ್ನು ಸೆಟ್‌ಗೆ ಹಾಕುವ ಮುನ್ನ ಅವುಗಳ ಈಕ್ವಲ್ಸ್ ಏನು ಮಾಡುತ್ತದೆಂದು ದಾಖಲೆಯಲ್ಲಿ ಓದಿ. ಜಾವಾದ್ದೇ ಆದ ಯುಆರ್‌ಎಲ್ ಕ್ಲಾಸಿನ ಈಕ್ವಲ್ಸ್, ಎರಡು ಹೋಸ್ಟ್ ಹೆಸರುಗಳು ಒಂದೇ ಐಪಿ ವಿಳಾಸಕ್ಕೆ ಹೋಗುತ್ತವೆಯೇ ಎಂದು ತಿಳಿಯಲು ನೆಟ್‌ವರ್ಕ್‌ಗೇ ಹೋಗಬಹುದು. ವೈಫೈ ಬಿದ್ದುಹೋದರೆ ನಿಮ್ಮ ಸೆಟ್‌ನ ಉತ್ತರವೂ ಬದಲಾಗಬಹುದು. ಅದರ ಬದಲು ಯುಆರ್‌ಐ ಬಳಸಿ. ನಿಮ್ಮ ಸ್ವಂತ ಕ್ಲಾಸುಗಳಿಗೆ ಈಕ್ವಲ್ಸ್‌ವೆರಿಫೈಯರ್ ಎಂಬ ಮುಕ್ತ ಲೈಬ್ರರಿ ಇದೆ. ಒಂದು ಸಾಲಿನ ಟೆಸ್ಟ್ ಬರೆದರೆ ಈಕ್ವಲ್ಸ್ ಎರಡೂ ದಿಕ್ಕಿನಲ್ಲಿ ಒಂದೇ ಉತ್ತರ ಕೊಡುತ್ತದೆಯೇ, ಹ್ಯಾಶ್‌ಕೋಡ್ ಅದಕ್ಕೆ ಹೊಂದುತ್ತದೆಯೇ, ಫೀಲ್ಡ್‌ಗಳು ಫೈನಲ್ ಆಗಿವೆಯೇ ಎಂದು ಅದೇ ತಡಕಾಡಿ, ತಪ್ಪಿದ್ದರೆ ಯಾವ ಫೀಲ್ಡ್ ಎಂದು ಹೆಸರಿಸಿ ಹೇಳುತ್ತದೆ.